ಲಕ್ಕಮ್ಮ ತಾಯಿಯ ಅಕ್ಕಿ ಮತ್ತು ಬಾಡಿಗೆಯ ಖೋಲಿ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಸೇರಿದ ಶರಣರಲ್ಲಿ ಅನೇಕರು ಪರ ಊರಿನವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದರೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಮರೇಶ್ವರದವರು. ಸೌದೆ ಮಾರುವವರಿಗೂ ಅಕ್ಕಿ ಆಯುವವರಿಗೂ ಅಲ್ಲಿ ಒಂದು ಸೂರು ದೊರಕಿತು. ಕಾಯಕದ ಮಹಿಮೆಯನ್ನು ಬಣ್ಣಿಸುವ ಪ್ರವಚನಗಳಲ್ಲಿ ಈ ಸೂರಿನ ಮಾತು ಅಪರೂಪ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ದುಡಿಯುವ ಬಡವನಿಗೆ ಕೆಲಸಕ್ಕಿಂತ ಖೋಲಿ ಹುಡುಕುವುದೇ ಕಷ್ಟ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರನ್ನು ನೋಡಬೇಕು. ಅವರ ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬಾಡಿಗೆ ಮಾತ್ರ ತಿಂಗಳ ಲೆಕ್ಕದಲ್ಲಿ. ಮನೆಯೇ ಅವರ ಕಾಯಕದ ಸ್ಥಳ. ಪತ್ರಾಸಿನ ಮಾಡು ಸೋರಿದರೆ ಎಲೆಯೂ ತಂಬಾಕೂ ಕೆಡುತ್ತವೆ, ಅಂದಿನ ಮಜೂರಿಯೂ ಹೋಗುತ್ತದೆ. ಸೋರದ ಖೋಲಿ ಬೇಕೆಂದರೆ ಮೊದಲು ಡಿಪಾಜಿಟ್ಟು ಎಣಿಸಬೇಕು.

ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಹಿಂದಿರುಗಿಸಿದರು. ಆ ಕಥೆಗೆ ಕಣ್ಣೀರು ಸುರಿಸುವ ಭಕ್ತರೇ ಬಡ ಬಾಡಿಗೆದಾರನಿಂದ ಹಲವು ತಿಂಗಳ ಮುಂಗಡ ಕೇಳುವುದುಂಟು. ಖೋಲಿ ಕಟ್ಟಲು ಸಾಲ ಮಾಡಿದವನಿಗೂ ಕಂತು ತುಂಬುವ ಚಿಂತೆ ಇದೆ, ಅದು ಸುಳ್ಳಲ್ಲ. ಆದರೆ ಕೇಂದ್ರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯೇ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಸಲ್ಲದೆಂದಿದೆ. ರಾಜ್ಯಗಳು ತಾವೇ ಕಾಯಿದೆ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಶರಣರ ಅನುಯಾಯಿಗಳು ಕಾಯಿದೆಯ ದಾರಿ ಕಾಯಬೇಕಾದುದಿಲ್ಲ.

ಡಿಪಾಜಿಟ್ಟಿಗಿಂತ ಕಠಿಣವಾದುದು "ನೀವು ಯಾವ ಮಂದಿ?" ಎಂಬ ಪ್ರಶ್ನೆ. ಅಥಣಿಯ ಚಪ್ಪಲಿ ಕಾಯಕ ನಾಡಿನಾಚೆಗೂ ಹೆಸರಾಗಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಹರಳಯ್ಯನವರ ಭಾವಚಿತ್ರಕ್ಕೆ ವಿಭೂತಿ ಹಚ್ಚಿದ ಕೈ, ಆ ಕಾಯಕದವರಿಗೆ ಖೋಲಿಯ ಕೀಲಿ ಕೊಡಲು ಹಿಂಜರಿದರೆ ಆ ಪೂಜೆ ಯಾರಿಗೆ ಮುಟ್ಟಿತು?

ಸರಕಾರದ ನೆರವು ಬಹುಮಟ್ಟಿಗೆ ಸ್ವಂತ ಮನೆಯ ಸುತ್ತಲೇ ತಿರುಗುತ್ತದೆ. ಬಸವಣ್ಣನವರ ಹೆಸರಿನ ವಸತಿ ಯೋಜನೆಯೂ ಮನೆ ಕಟ್ಟಿಕೊಳ್ಳುವವರಿಗೇ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ಸೀಮೆಯನ್ನು ಮುಳುಗಿಸಿದಾಗ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಆ ಹಣ ಗೋಡೆಯ ಒಡೆಯನದು. ಅದೇ ಗೋಡೆಯೊಳಗೆ ಬಾಡಿಗೆಗಿದ್ದವನು ಮತ್ತೆ ಊರೂರು ಖೋಲಿ ಕೇಳುತ್ತ ಹೋಗಬೇಕು. ಇನ್ನು ಕಬ್ಬು ಕಡಿಯಲು ಬರುವವರ ಗುಡಿಸಲುಗಳ ಮಾತು ಬೇರೆಯೇ ಇದೆ.

ನಾಡಿನ ಮಠಗಳು ಓದುವ ಮಕ್ಕಳಿಗಾಗಿ ಪ್ರಸಾದನಿಲಯಗಳನ್ನು ಕಟ್ಟಿದವು. ದುಡಿಯುವ ಕುಟುಂಬಕ್ಕಾಗಿ ಹತ್ತು ಖೋಲಿಗಳ ಒಂದು ಸಾಲು, ಗಾಳಿ, ನೀರು, ಶೌಚಾಲಯ ಸಹಿತ, ಜಾತಿ ಕೇಳದ ಮಿತ ಬಾಡಿಗೆಗೆ, ಭಕ್ತರು ಕೂಡಿದರೆ ಆಗದ ಕೆಲಸವೇನಲ್ಲ. ಅಷ್ಟು ಆಗುವವರೆಗೆ, ಬೀಗ ಹಾಕಿ ಬಿಟ್ಟ ಖೋಲಿಯುಳ್ಳವರು ಅದರ ಬಾಗಿಲನ್ನಾದರೂ ತೆರೆಯಬಹುದು.