ಕುಟುಂಬ ವೈದ್ಯರಿಗೊಂದು ನೆಲೆ

"ಹೊಸ ವೈದ್ಯನಿಗಿಂತ ಹಳೆಯ ರೋಗಿ ಮೇಲು" ಎಂಬ ಗಾದೆಯನ್ನು ನಮ್ಮ ಹಿರಿಯರು ಬರಿಯ ವಿನೋದಕ್ಕಾಗಿ ಆಡಿದ್ದಲ್ಲ. ರೋಗವನ್ನು ತಿಳಿಯುವುದಕ್ಕೆ ಗ್ರಂಥಜ್ಞಾನವು ಎಷ್ಟು ಅವಶ್ಯವೋ ರೋಗಿಯ ಪರಿಚಯವೂ ಅಷ್ಟೇ ಅವಶ್ಯವೆಂಬುದು ಅದರ ತಾತ್ಪರ್ಯ. ಬೆಂಗಳೂರಿನ ಹೊರವಲಯದಲ್ಲಿ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತುಮುತ್ತ, ಸರ್ಕಾರದ ಚಿಕಿತ್ಸಾಲಯವನ್ನು ನಂಬಿರತಕ್ಕ ಬಡಸಂಸಾರಗಳು ಈ ಗಾದೆಯ ಅರ್ಥವನ್ನು ನಿತ್ಯವೂ ಅನುಭವಿಸುತ್ತಿವೆ. ಮೂರು ತಿಂಗಳ ಹಿಂದೆ ನಾಡಿ ಹಿಡಿದು ನೋಡಿದ ಡಾಕ್ಟರರು ಈಗ ಆ ಕುರ್ಚಿಯಲ್ಲಿಲ್ಲ. ಈಗ ಕುಳಿತಿರುವವರು ಬರುವ ತಿಂಗಳು ಇರುವರೆಂಬ ಭರವಸೆ ಅವರಿಗೇ ಇಲ್ಲ. ಮಧುಮೇಹದ ಮುದುಕಿ ತನ್ನ ಕಥೆಯನ್ನು ಪ್ರತಿಸಲವೂ ಮೊದಲಿನಿಂದ ಹೇಳಿಕೊಳ್ಳಬೇಕು.

ಸರ್ಕಾರದವರು ಏನೂ ಮಾಡಿಲ್ಲವೆಂದು ನಾವು ದೂರುವುದಿಲ್ಲ. 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಆರಂಭವಾದ 'ನಮ್ಮ ಕ್ಲಿನಿಕ್' ಯೋಜನೆ ಮೆಚ್ಚತಕ್ಕದ್ದೇ. ರಾಜ್ಯದ ಪಟ್ಟಣಗಳಲ್ಲೆಲ್ಲ 438 ಚಿಕಿತ್ಸಾಲಯಗಳು, ಅವುಗಳಲ್ಲಿ ಬೆಂಗಳೂರಿಗೇ ವಾರ್ಡಿಗೊಂದರಂತೆ 243. ಒಂದೊಂದರಲ್ಲಿ ಒಬ್ಬ ವೈದ್ಯ, ಒಬ್ಬ ಶುಶ್ರೂಷಕಿ, ರಕ್ತ ಮೂತ್ರಾದಿಗಳನ್ನು ಪರೀಕ್ಷಿಸುವ ಒಬ್ಬ ತಂತ್ರಜ್ಞ, ಒಬ್ಬ ಸಹಾಯಕ. ಹತ್ತಿಪ್ಪತ್ತು ಸಾವಿರ ಜನಸಂಖ್ಯೆಗೆ ಒಂದು. ಔಷಧವೂ ಪರೀಕ್ಷೆಯೂ ಉಚಿತ. ಪಟ್ಟಣದ ಬಡವನೂ ಹಳ್ಳಿಯ ಬಡವನಂತೆಯೇ ರೋಗ ಬಿದ್ದು ಸಾಯತಕ್ಕವನೆಂಬುದು ಸರ್ಕಾರಕ್ಕೆ ತಡವಾಗಿಯಾದರೂ ಹೊಳೆಯಿತಲ್ಲ, ಅದೇ ಸಮಾಧಾನ. ಆದರೆ ಕಟ್ಟಡಕ್ಕೆ ಸುಣ್ಣ ಬಳಿದು ಫಲಕ ಹಾಕುವುದು ಎಷ್ಟು ಸುಲಭವೋ ಅದರೊಳಗೆ ವೈದ್ಯನನ್ನು ನಿಲ್ಲಿಸುವುದು ಅಷ್ಟು ಸುಲಭವಲ್ಲ. ವೈದ್ಯರು ದೊರೆಯುವುದಿಲ್ಲ, ದೊರೆತವರು ನಿಲ್ಲುವುದಿಲ್ಲ ಎಂಬ ದೂರು ಯೋಜನೆಯ ಮೊದಲ ದಿನಗಳಿಂದಲೂ ಕೇಳಿಬರುತ್ತಿದೆ. ಯೋಜನೆಯ ಬುಡದಲ್ಲಿಯೇ ಇದಕ್ಕೆ ಕಾರಣವಿದೆ: ಅಲ್ಲಿಗೆ ಬರತಕ್ಕ ವೈದ್ಯನು ಗುತ್ತಿಗೆಯವನು. ವರ್ಷಾನುವರ್ಷ ಹೊಸದಾಗತಕ್ಕ ಕರಾರುಪತ್ರವೇ ಅವನ ನೆಲೆ.

ಈ ಹೊರವಲಯದ ಜನರ ಸ್ಥಿತಿಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. 1882ರಲ್ಲಿ ಚಾಮರಾಜ ಒಡೆಯರ ಔದಾರ್ಯದಿಂದ ಆಂಗ್ಲೋ ಇಂಡಿಯನ್ ಸಂಸಾರಗಳ ವಸತಿಗೆಂದು ಹುಟ್ಟಿದ ವೈಟ್‌ಫೀಲ್ಡ್ ಇಂದು ಗಾಜಿನ ಗೋಪುರಗಳ ಊರು. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕಂಡ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಪೀಣ್ಯವಂತೂ ಲೇತು, ಎರಕ, ಮುಲಾಮು, ಹೊಲಿಗೆ ಮೊದಲಾದ ಸಾವಿರಾರು ಸಣ್ಣ ಕಾರ್ಖಾನೆಗಳ ಕಾಡು. ರಾಯಚೂರು, ಕಲಬುರಗಿ, ಯಾದಗಿರಿಗಳಿಂದ ಬಂದ ಕಟ್ಟಡ ಕೆಲಸದವರು, ಮಂಡ್ಯ ತುಮಕೂರುಗಳಿಂದ ಬಂದ ಹೊಲಿಗೆಯ ಹೆಣ್ಣುಮಕ್ಕಳು, ಒಡಿಶಾ, ಬಿಹಾರ, ಝಾರ್ಖಂಡಗಳಿಂದ ಬಂದ ಯುವಕರು ಇಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕೈದು ಮಂದಿ ವಾಸಿಸುತ್ತಾರೆ. ರಾಷ್ಟ್ರದ ಸಂಪತ್ತು ಹೆಚ್ಚಿತೆಂದು ನಾವೆಲ್ಲರೂ ಹೆಮ್ಮೆಪಡುವುದು ಇವರ ದುಡಿಮೆಯಿಂದ. ಇವರು ಊರು ಬಿಟ್ಟಾಗ ಮನೆ, ಹೊಲ, ಬಂಧುಗಳ ಜೊತೆಗೆ ತಮ್ಮ ತಂದೆತಾಯಿಗಳ ಕಾಲದಿಂದ ಪರಿಚಿತನಾಗಿದ್ದ ಪೇಟೆಯ ಡಾಕ್ಟರನನ್ನೂ ಬಿಟ್ಟುಬಂದರು. ಆ ಸ್ಥಾನವು ಇಲ್ಲಿ ಇನ್ನೂ ಬರಿದಾಗಿಯೇ ಇದೆ.

ಪರಿಚಿತನಾದ ವೈದ್ಯನು ಏನು ಮಾಡಬಲ್ಲನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹೊಲಿಗೆ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಬಂದು "ಉಷ್ಣವಾಗಿದೆ ಸ್ವಾಮಿ" ಎನ್ನುತ್ತಾಳೆ. ಆ ಒಂದು ಮಾತಿನಲ್ಲಿ ಮೂತ್ರದ ಉರಿಯನ್ನು ಅವಳು ಹೇಳುತ್ತಿದ್ದಾಳೆಂದು ಕನ್ನಡ ಬಲ್ಲ ವೈದ್ಯನಿಗೆ ತಿಳಿಯುತ್ತದೆ. ಅವಳು ದಿನವೆಲ್ಲ ನೀರು ಕುಡಿಯದಿರುವುದು ಪದೇ ಪದೇ ಶೌಚಾಲಯಕ್ಕೆ ಎದ್ದರೆ ಮೇಲ್ವಿಚಾರಕನು ಗದರುವನೆಂಬ ಭಯದಿಂದ ಎಂಬುದು, ಆ ಬೀದಿಯ ಹತ್ತು ಮಂದಿ ಹೆಂಗಸರನ್ನು ವರ್ಷಗಟ್ಟಲೆ ನೋಡಿದವನಿಗೆ ಮಾತ್ರ ತಿಳಿಯುತ್ತದೆ. ಎರಕದ ಕೆಲಸದವನಿಗೆ ಕೆಮ್ಮು ಬಂದರೆ ಅಪರಿಚಿತ ವೈದ್ಯನು ಕ್ಷಯವೆಂದು ಬಗೆದು ಮಾತ್ರೆ ಬರೆಯಬಹುದು. ಮರಳಿನ ಧೂಳು ಶ್ವಾಸಕೋಶದಲ್ಲಿ ಕೂತು ಬರತಕ್ಕ ರೋಗವೂ ಕ್ಷಯದಂತೆಯೇ ತೋರುವುದುಂಟು, ಅದು ಕ್ಷಯಕ್ಕೆ ದಾರಿಯಾಗುವುದೂ ಉಂಟು. ರೋಗಿ ಎಲ್ಲಿ, ಎಷ್ಟು ವರ್ಷ, ಏನು ಕೆಲಸ ಮಾಡಿದನೆಂದು ಕೇಳುವ ವ್ಯವಧಾನ ಯಾರಿಗಿದೆ? ಗಾಜಿನ ಗೋಪುರದೊಳಗೆ ರಾತ್ರಿಯ ಪಾಳಿ ಮಾಡತಕ್ಕ ಯುವಕರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಅವರಿಗೆ ಹಣವಿದೆ, ವಿಮೆಯಿದೆ; ತಲೆನೋವಿಗೆ ನರತಜ್ಞ, ಎದೆಯುರಿಗೆ ಹೃದಯತಜ್ಞ. ನಿದ್ರೆಗೆಟ್ಟು ಮನಸ್ಸು ಕುಗ್ಗಿದೆಯೆಂದು ಹೇಳತಕ್ಕ ಒಬ್ಬ ವೈದ್ಯ ಮಾತ್ರ ಇಲ್ಲ. 'ಕೊರವಂಜಿ'ಯ ಸಂಪಾದಕರಾಗಿ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರು ಇದೇ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಿದ್ದವರು, ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಬರೆದವರು. ಅಂಥವರ ಪರಂಪರೆ ನಮ್ಮಲ್ಲಿ ಇಲ್ಲದಿರಲಿಲ್ಲ.

ಕಾರ್ಮಿಕರಿಗೆ ಇ.ಎಸ್.ಐ. ಇದೆಯಲ್ಲವೇ ಎಂದು ಕೆಲವರು ಕೇಳಬಹುದು. ಇದೆ. 1948ರ ಶಾಸನ ಅದು. 1952ರಲ್ಲಿ ಕಾನ್ಪುರ ದೆಹಲಿಗಳಲ್ಲಿ ಕಾರ್ಯಕ್ಕೆ ಬಂದು 1958ರಲ್ಲಿ ಬೆಂಗಳೂರನ್ನು ಮುಟ್ಟಿತು. ಸ್ವತಂತ್ರ ಭಾರತವು ತನ್ನ ಶ್ರಮಜೀವಿಗಳಿಗೆ ಕೊಟ್ಟ ಮೊದಲ ದೊಡ್ಡ ವಚನವೆಂದು ಅದನ್ನು ನಾವು ಗೌರವಿಸುತ್ತೇವೆ. ಮುದ್ರಣಾಲಯ ನಡೆಸತಕ್ಕ ನಾವೂ ನಮ್ಮ ಕೆಲಸಗಾರರ ಪಾಲಿಗೆ ತಿಂಗಳು ತಿಂಗಳೂ ಕಂತು ಕಟ್ಟುತ್ತಿದ್ದೇವೆ. ಆದರೆ 2017ರಲ್ಲಿ ಗೊತ್ತುಮಾಡಿದ 21,000 ರೂಪಾಯಿಯ ಸಂಬಳದ ಮಿತಿಯನ್ನು ದಾಟಿದವನು ಅದರಿಂದ ಹೊರಗಾಗುತ್ತಾನೆ. ಹತ್ತು ಮಂದಿ ಇಲ್ಲದ ಸಣ್ಣ ಕಾರ್ಖಾನೆಯವನು, ಮೇಸ್ತ್ರಿಯ ಕೈಕೆಳಗೆ ಹೆಸರಿಲ್ಲದೆ ದುಡಿಯುವವನು, ಮನೆಗೆಲಸದವಳು, ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡುವವನು ಒಳಗೇ ಬರಲಿಲ್ಲ. ಇಂಥವರಿಗೆ ನಮ್ಮ ಕ್ಲಿನಿಕ್ಕೇ ಗತಿ. ಅಲ್ಲಿಗೆ ಆರಂಭದಲ್ಲಿ ಗೊತ್ತುಮಾಡಿದ ವೇಳೆಯಾದರೋ ಬೆಳಿಗ್ಗೆ 9ರಿಂದ ಸಂಜೆ 4:30. ದುಡಿಯುವವನು ಕಾರ್ಖಾನೆಯೊಳಗಿರುವಾಗ ಚಿಕಿತ್ಸಾಲಯದ ಬಾಗಿಲು ತೆರೆದಿರುತ್ತದೆ, ಅವನು ಹೊರಬರುವ ವೇಳೆಗೆ ಮುಚ್ಚಿರುತ್ತದೆ! ಉಚಿತ ಚಿಕಿತ್ಸೆಗಾಗಿ ಒಂದು ದಿನದ ಕೂಲಿಯನ್ನು ತೆರಬೇಕಾದ ಮೇಲೆ ಅದು ಉಚಿತವಾಗುವುದೆಂತು? ಆದುದರಿಂದ ಸಂಜೆ ಏಳು ಗಂಟೆಗೆ ಅವನು ಔಷಧದ ಅಂಗಡಿಯ ಮುಂದೆ ನಿಂತು "ಜ್ವರಕ್ಕೆ ಎರಡು ಮಾತ್ರೆ ಕೊಡಿ" ಎನ್ನುತ್ತಾನೆ. ಅಂಗಡಿಯವನೇ ಅವನ ಕುಟುಂಬ ವೈದ್ಯ.

ಹಾಗಾದರೆ ವೇಳೆಯನ್ನು ಸಂಜೆಗೆ ವಿಸ್ತರಿಸಿಬಿಡಿ ಎಂದು ಹೇಳುವುದು ಸುಲಭ. ನೆರೆಯ ಕೇರಳದಲ್ಲಿ 2017ರಲ್ಲಿ 'ಆರ್ದ್ರಂ' ಎಂಬ ಯೋಜನೆಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾರ್ಪಡಿಸಿ, ಸಂಜೆ ಆರರವರೆಗೆ ರೋಗಿಗಳನ್ನು ನೋಡತಕ್ಕದ್ದೆಂದು ವಿಧಿಸಿದರು. ಉದ್ದೇಶವು ಶ್ಲಾಘ್ಯವಾದದ್ದು. ಆದರೆ ಸಾಕಷ್ಟು ವೈದ್ಯರಿಲ್ಲದೆಯೇ ಸಂಜೆಯ ಭಾರವನ್ನು ಹೊರಿಸಿದರೆಂದು 2018ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರಿ ವೈದ್ಯರು ಮುಷ್ಕರ ಹೂಡಿದರು. ನಮ್ಮವರು ಅದರಿಂದ ಕಲಿಯತಕ್ಕದ್ದಿದೆ. ಇದ್ದ ಒಬ್ಬ ವೈದ್ಯನನ್ನೇ ಹಗಲಿರುಳು ದುಡಿಸಿದರೆ ಅವನೂ ಓಡಿಹೋಗುತ್ತಾನೆ; ಪೀಣ್ಯದಂಥ ಕಡೆಗೆ ಇಬ್ಬರು ಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ವೈದ್ಯನೇಕೆ ನಿಲ್ಲುವುದಿಲ್ಲ? ನಮ್ಮ ರಾಜ್ಯದಲ್ಲಿ ವೈದ್ಯರ ಕೊರತೆಯಿಲ್ಲ. ವರ್ಷಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಎಂ.ಬಿ.ಬಿ.ಎಸ್. ಸ್ಥಾನಗಳು ನಮ್ಮ ಕಾಲೇಜುಗಳಲ್ಲಿವೆ. ಆದರೆ ಆ ಪದವಿಯನ್ನು ಪಡೆದವನಿಗೆ ಇಂದಿನ ಲೋಕವು "ಬರೀ ಎಂ.ಬಿ.ಬಿ.ಎಸ್. ಏನು?" ಎಂದು ಕೇಳುತ್ತದೆ. ಆದುದರಿಂದ ಅವನ ದೃಷ್ಟಿಯೆಲ್ಲ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೇಲೆ. ನಮ್ಮ ಕ್ಲಿನಿಕ್ಕಿನ ಮೇಜಿನ ಸೆಳೆಖಾನೆಯಲ್ಲಿ ಆ ಪರೀಕ್ಷೆಯ ಪುಸ್ತಕವನ್ನಿಟ್ಟುಕೊಂಡು, ಉತ್ತೀರ್ಣನಾದ ದಿನ ಹೊರಟುಹೋಗುತ್ತಾನೆ. ಅವನನ್ನು ನಾವು ನಿಂದಿಸಲಾರೆವು. ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದ ಗುತ್ತಿಗೆಯ ವೈದ್ಯನು ನಲವತ್ತರಲ್ಲಿಯೂ ಗುತ್ತಿಗೆಯ ವೈದ್ಯನೇ ಆಗಿರಬೇಕಾದರೆ ಯಾವ ತಂದೆ ಮಗನಿಗೆ ಅಲ್ಲಿ ನಿಲ್ಲೆಂದು ಬುದ್ಧಿ ಹೇಳಿಯಾನು? 2020ರ ಮಹಾಮಾರಿಯ ನಡುವೆ ಪ್ರಾಣವನ್ನು ಪಣವಾಗಿಟ್ಟು ದುಡಿಯುತ್ತಿದ್ದ ನಮ್ಮ ರಾಜ್ಯದ ನೂರಾರು ಗುತ್ತಿಗೆ ವೈದ್ಯರು, ತಮ್ಮನ್ನು ಖಾಯಂ ಮಾಡಬೇಕೆಂದು ರಾಜೀನಾಮೆಯ ಬೆದರಿಕೆ ಹಾಕಬೇಕಾಗಿ ಬಂದುದನ್ನು ಜನರು ಮರೆತಿಲ್ಲ.

ಖಾಯಂ ಸೇವೆಯಲ್ಲಿರುವವನ ಭವಿಷ್ಯವೂ ವಿಚಿತ್ರವಾದದ್ದು. ಹದಿನೈದು ವರ್ಷ ಒಂದೆಡೆ ರೋಗಿಗಳನ್ನು ನೋಡಿ ಪಳಗಿದವನಿಗೆ ಬಡ್ತಿಯೆಂದರೇನು? ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ. ಎಂದರೆ ಕಡತ, ಸಭೆ, ವರದಿ. ವೈದ್ಯನು ಒಳ್ಳೆಯ ವೈದ್ಯನಾದೊಡನೆ ಅವನ ಕೈಯಿಂದ ಸ್ಟೆತಾಸ್ಕೋಪನ್ನು ಕಿತ್ತುಕೊಂಡು ಲೇಖನಿ ಕೊಡುವುದು ನಮ್ಮ ಪದ್ಧತಿ. ರೋಗಿಯ ಬಳಿಯಲ್ಲಿದ್ದುಕೊಂಡೇ ಮೇಲಕ್ಕೇರತಕ್ಕ ಮೆಟ್ಟಿಲುಗಳೇ ಅಲ್ಲಿಲ್ಲ.

ಇದಕ್ಕೆ ಹಳೆಯ ಬೇರೊಂದಿದೆ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು, ನಾಲ್ಕು ವರ್ಷ ಓದಿ ಹಳ್ಳಿ ಪಟ್ಟಣಗಳಲ್ಲಿ ನೆಲೆಸುತ್ತಿದ್ದ ಎಲ್.ಎಂ.ಪಿ. ವೈದ್ಯರ ವರ್ಗವನ್ನು ನಿಲ್ಲಿಸಿ ದೇಶಕ್ಕೆಲ್ಲ ಒಂದೇ ದರ್ಜೆಯ ಮೂಲ ವೈದ್ಯನಿರತಕ್ಕದ್ದೆಂದು ವಿಧಿಸಿತು. ಬಡವನಿಗೆ ಕಡಿಮೆ ಓದಿದ ವೈದ್ಯ, ಸಾಹುಕಾರನಿಗೆ ಹೆಚ್ಚು ಓದಿದ ವೈದ್ಯ ಎಂಬ ಭೇದ ಸಲ್ಲದೆಂಬ ಆ ನಿಲುವು ನ್ಯಾಯವಾದದ್ದೇ. ಆದರೆ ಆ ಮೂಲ ವೈದ್ಯನು ಜನರ ನಡುವೆ ಜೀವಮಾನ ಕಳೆಯುವಂತೆ ಅವನಿಗೆ ಒಂದು ವೃತ್ತಿಮಾರ್ಗವನ್ನು ಯಾರೂ ಕಟ್ಟಿಕೊಡಲಿಲ್ಲ, ಎಲ್.ಎಂ.ಪಿ.ಯವರು ಹೋದರು, ಅವರ ಜಾಗಕ್ಕೆ ಬರಬೇಕಾದವರು ತಜ್ಞರಾಗಿ ನಗರದ ದೊಡ್ಡ ಆಸ್ಪತ್ರೆಗಳನ್ನು ಸೇರಿದರು. ಇಂಗ್ಲೆಂಡಿನವರು 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆದಾಗ ಪ್ರತಿಯೊಬ್ಬ ಪ್ರಜೆಯ ಹೆಸರನ್ನೂ ಒಬ್ಬ ಕುಟುಂಬ ವೈದ್ಯನ ಪಟ್ಟಿಯಲ್ಲಿ ಬರೆಸಿದರು. 1994ರಲ್ಲಿ ಬ್ರೆಜಿಲ್ ದೇಶವು ಮೂರು ನಾಲ್ಕು ಸಾವಿರ ಜನಕ್ಕೆ ಒಂದೊಂದು ವೈದ್ಯತಂಡವನ್ನು ಒಪ್ಪಿಸಿತು. ಇಂಗ್ಲಿಷರ ರೀತಿನೀತಿಗಳನ್ನೆಲ್ಲ ಅನುಕರಿಸಬೇಕೆಂದು ನಾವು ಎಂದೂ ಹೇಳುವವರಲ್ಲ. ಆದರೆ ಬೇಡದ್ದನ್ನೆಲ್ಲ ಅವರಿಂದ ಪಡೆದು ಈ ಪಟ್ಟಿಯೊಂದನ್ನು ಮಾತ್ರ ಬಿಟ್ಟುಬಂದೆವಲ್ಲ ಎಂಬುದೇ ಸೋಜಿಗ.

ನಮ್ಮವರಿಗೆ ವಿಷಯ ತಿಳಿಯದೆಂದಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಕುಟುಂಬ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಪದವಿಯನ್ನು ಪ್ರಚುರಪಡಿಸಬೇಕೆಂದು ಹೇಳಿದೆ. 2025ರೊಳಗೆ ಸರ್ಕಾರಗಳ ಆರೋಗ್ಯವೆಚ್ಚವು ರಾಷ್ಟ್ರೋತ್ಪನ್ನದ ಶೇಕಡಾ ಎರಡೂವರೆಯಷ್ಟಾಗಬೇಕೆಂದೂ ಹೇಳಿತ್ತು. ಆ ವರ್ಷ ಬಂದು ಹೋಯಿತು, ಗುರಿ ದೂರವೇ ಉಳಿಯಿತು. ಇತ್ತೀಚಿನ ವರ್ಷಗಳಲ್ಲಿ ವೈದ್ಯ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳತಕ್ಕದ್ದೆಂಬ ನಿಯಮ ಬಂದಿದೆ. ವಿದ್ಯಾರ್ಥಿಯಾಗಿದ್ದಾಗ ಕುಟುಂಬಗಳುಂಟು, ವೈದ್ಯಾಧಿಕಾರಿಯಾದಾಗ ಒಂದು ಕುಟುಂಬವೂ ಅವನದಲ್ಲ! ಕಡ್ಡಾಯದ ಮಾರ್ಗವನ್ನೂ ನೋಡಿದ್ದಾಯಿತು. ಪದವೀಧರರು ಒಂದು ವರ್ಷ ಸರ್ಕಾರಿ ಸೇವೆ ಮಾಡತಕ್ಕದ್ದೆಂದು 2012ರ ಶಾಸನ ವಿಧಿಸಿತು. 2023ರಲ್ಲಿ ಅದನ್ನು ಖಾಲಿ ಹುದ್ದೆಗಳಿರುವಷ್ಟಕ್ಕೆ ಮಿತಗೊಳಿಸಲು ಸರ್ಕಾರ ಮುಂದಾಯಿತು. ಒಂದು ವರ್ಷವಿದ್ದು ಹೋಗತಕ್ಕ ವೈದ್ಯನಿಂದ ಖಾಲಿ ಕುರ್ಚಿ ತುಂಬೀತು. ಮನೆಮನೆಯ ಪರಿಚಯ ಬೆಳೆಯುವುದಿಲ್ಲ.

ನಾವು ಕೇಳತಕ್ಕದ್ದು ಇಷ್ಟು. ಕೈಗಾರಿಕಾ ವಲಯದ ಚಿಕಿತ್ಸಾಲಯಗಳಿಗೆ ಕುಟುಂಬ ವೈದ್ಯರೆಂಬ ಪ್ರತ್ಯೇಕ ಖಾಯಂ ವರ್ಗವೊಂದನ್ನು ನಿರ್ಮಿಸಬೇಕು. ಐದು ವರ್ಷ ಅಲ್ಲಿ ದುಡಿದವನಿಗೆ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಕುಟುಂಬ ವೈದ್ಯಶಾಸ್ತ್ರದ ಎಂ.ಡಿ. ಸ್ಥಾನವನ್ನು ಮೀಸಲಿಟ್ಟು, ತರಬೇತಿಯ ಬಹುಭಾಗವನ್ನು ಆ ಚಿಕಿತ್ಸಾಲಯದಲ್ಲಿಯೇ ನಡೆಸಬೇಕು. ಪದವಿ ಪಡೆದವನಿಗೆ ಬೇರೆ ತಜ್ಞರಿಗೆ ಸಮನಾದ ಸಂಬಳವೂ, ರೋಗಿಗಳನ್ನು ಬಿಡದೆಯೇ ಮೇಲೇರತಕ್ಕ ಬಡ್ತಿಯೂ ದೊರೆಯಬೇಕು. ಪ್ರತಿ ವೈದ್ಯನಿಗೂ ಇಷ್ಟು ಮನೆಗಳೆಂದು ಪಟ್ಟಿ ಬರೆದುಕೊಡಬೇಕು. ಬಾಡಿಗೆಯ ಕೋಣೆಯಲ್ಲಿರುವ ಒಡಿಯಾ ಹುಡುಗನ ಹೆಸರೂ ಪಡಿತರ ಚೀಟಿಯನ್ನು ಕೇಳದೆ ಆ ಪಟ್ಟಿಯಲ್ಲಿರಬೇಕು. ವೈದ್ಯನಿಗೆ ಕನ್ನಡ ಬರಲೇಬೇಕು. ಆ ಹುಡುಗನೊಡನೆ ಹರಕುಮುರುಕು ಹಿಂದಿಯಾದರೂ ಬಂದರೆ ಲೇಸು. 2024ರಲ್ಲಿ ಕೋಲಾರದಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯ ಆಶಾ ಕಾರ್ಯಕರ್ತೆಯರು ಮನೆಬಾಗಿಲಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಪತ್ತೆಹಚ್ಚುವುದು ಸರಿಯೇ. ಪತ್ತೆಯಾದವನನ್ನು ಹತ್ತು ವರ್ಷ ಕಾಯತಕ್ಕ ವೈದ್ಯನಿಲ್ಲದಿದ್ದರೆ ಆ ಪತ್ತೆಯಿಂದೇನು?

ಹಣವಿಲ್ಲವೆಂಬ ಉತ್ತರ ಬರುತ್ತದೆಂದು ನಾವು ಬಲ್ಲೆವು. ಈ ಮೂರು ವಲಯಗಳಿಂದ ಖಜಾನೆಗೆ ಹರಿಯತಕ್ಕ ತೆರಿಗೆಯನ್ನು ಕಂಡವರು ಆ ಉತ್ತರವನ್ನು ನಂಬುವುದು ಕಷ್ಟ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರಪಾಲಿಕೆಗಳಾಗಿದೆ. ಚಿಕಿತ್ಸಾಲಯದ ಹೊಣೆ ನಮ್ಮದಲ್ಲ, ಅವರದು ಎಂದು ಪಾಲಿಕೆ ಪಾಲಿಕೆಯ ಮೇಲೂ ಪಾಲಿಕೆ ಸರ್ಕಾರದ ಮೇಲೂ ಹೊರಿಸುವುದಕ್ಕೆ ಈಗ ಹಿಂದಿಗಿಂತ ಹೆಚ್ಚಿನ ಅವಕಾಶವಿದೆ. ಆ ಆಟ ಆರಂಭವಾಗುವ ಮುನ್ನವೇ ಆರೋಗ್ಯ ಸಚಿವರು ಎಲ್ಲರನ್ನೂ ಒಂದೆಡೆ ಕೂಡಿಸಿ, ಬರುವ ಆಯವ್ಯಯಪತ್ರದಲ್ಲಿ ಈ ವರ್ಗಕ್ಕೆ ಹಣವನ್ನು ತೆಗೆದಿರಿಸಬೇಕು; ಮೊದಲ ಹುದ್ದೆಗಳು ಪೀಣ್ಯಕ್ಕೆ ಸಲ್ಲಬೇಕು.