ಗೆದ್ದು ಬಂದವನ ದುಃಖ



ಕುರುಕ್ಷೇತ್ರದಲ್ಲಿ ಜಯವು ಕೈಸೇರಿದ ಮೇಲೆ ಧರ್ಮರಾಯನು ಹಿಗ್ಗಲಿಲ್ಲವೆಂಬುದನ್ನು ನೀವೆಲ್ಲರೂ ಬಲ್ಲಿರಿ. ಬಂಧುವಧೆಯ ನೆನಪಿನಿಂದ ಬೆಂದು, ಅನ್ನೋದಕಗಳನ್ನು ತೊರೆದು, ಕುಳಿತಲ್ಲಿಯೇ ದೇಹವನ್ನು ಒಣಗಿಸುವೆನೆಂದು ಅವನು ನಿಶ್ಚಯಿಸಿದ ಸಂಗತಿಯು ಶಾಂತಿಪರ್ವದಲ್ಲಿ ಬಂದಿದೆ. ಭೀಮನು ಕಟುವಾಗಿ ನುಡಿದನಾದರೂ ಯಾರೊಬ್ಬರೂ ಅವನನ್ನು ಒಂಟಿಯಾಗಿ ಬಿಟ್ಟು ಹೋಗಲಿಲ್ಲ. ತಮ್ಮಂದಿರು, ದ್ರೌಪದಿ, ಶ್ರೀಕೃಷ್ಣ, ವ್ಯಾಸರು ಒಬ್ಬರಾದ ಮೇಲೊಬ್ಬರು ಬಳಿಯಲ್ಲಿದ್ದು ಮಾತನಾಡಿದರು, ಅವನು ಉಳಿದನು.

ಈ ದುಃಖವು ಇಂದಿಗೂ ತೀರಿಲ್ಲ. 2001ರ ತರುವಾಯ ಅಮೆರಿಕಾ ದೇಶವು ನಡೆಸಿದ ಯುದ್ಧಗಳನ್ನು ಕುರಿತು ಬ್ರೌನ್ ವಿಶ್ವವಿದ್ಯಾನಿಲಯದ ಸಂಶೋಧನಾ ಯೋಜನೆಯೊಂದು 2021ರಲ್ಲಿ ಲೆಕ್ಕವನ್ನು ಪ್ರಕಟಿಸಿತು. ಆ ಯುದ್ಧಕಾರ್ಯಗಳಲ್ಲಿ ಮಡಿದ ಸೈನಿಕರು 7,057. ಸೇವೆಯಲ್ಲಿದ್ದವರೂ ನಿವೃತ್ತರೂ ಸೇರಿ ಆತ್ಮಹತ್ಯೆಯಿಂದ ತೀರಿಕೊಂಡವರು ಅಂದಾಜು 30,177. ಶತ್ರುವಿನ ಕೈಯಿಂದ ತಪ್ಪಿಸಿಕೊಂಡವರನ್ನು ಸ್ವಗೃಹದಲ್ಲಿ ಕಳೆದುಕೊಳ್ಳುವುದೆಂದರೆ ಎಂತಹ ನಷ್ಟ!

ಇದಕ್ಕೆ ಕಾರಣವು ಒಂದೇ ಅಲ್ಲ. ಗಾಯದ ನೋವು, ತಲೆಗೆ ಬಿದ್ದ ಪೆಟ್ಟು, ನಿದ್ರಾನಾಶ, ಮದ್ಯಪಾನ, ಸಾಲ, ಇವೆಲ್ಲವೂ ಕೂಡುವುದುಂಟು. ರಣರಂಗವನ್ನೇ ಕಾಣದವರಿಗೂ ಈ ಅಪಾಯವು ತಪ್ಪಿದ್ದಲ್ಲ. ಸೈನ್ಯವನ್ನು ಬಿಟ್ಟ ಮೊದಲನೆಯ ವರ್ಷವು ವಿಶೇಷವಾಗಿ ಕಠಿನವಾದುದು. ಒಡನಾಡಿಗಳೂ, ನಿಯತವಾದ ಕೆಲಸವೂ, ತಾನು ಬೇಕಾದವನೆಂಬ ಭಾವನೆಯೂ ಏಕಕಾಲದಲ್ಲಿ ಕಳಚಿಹೋಗುವುವು.

ನನ್ನ ಶಿಷ್ಯನೊಬ್ಬನು 17 ವರ್ಷ ಸೈನ್ಯದಲ್ಲಿದ್ದು ಹಿಂದಿರುಗಿದಾಗ ಊರವರೆಲ್ಲರೂ ಹಾರ ಹಾಕಿದರು. ಮೂರು ತಿಂಗಳ ಮೇಲೆ ಅವನು ನಮ್ಮ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ರಾತ್ರಿ ನಿದ್ದೆಯೇ ಬರುವುದಿಲ್ಲ” ಎಂದನು. “ವಯಸ್ಸಾಯಿತಲ್ಲಪ್ಪಾ” ಎಂದು ನಾನು ನಕ್ಕುಬಿಟ್ಟೆನು. ಆದರೆ ಅಕ್ಷರವರಿಯದ ಅವನ ತಾಯಿಯು, “ಮಗಾ, ಬದುಕು ಬೇಡವೆನ್ನಿಸುತ್ತಿದೆಯೇ?” ಎಂದು ನೇರವಾಗಿ ಕೇಳಿದಳು. ಅವನು ಅತ್ತನು, ವೈದ್ಯರಲ್ಲಿಗೆ ಹೋದನು, ಈಗ ತೋಟವನ್ನು ನೋಡಿಕೊಂಡಿದ್ದಾನೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯು ಹುಟ್ಟೀತೆಂಬ ಭಯವು ನಿರಾಧಾರವೆಂದು ಮನೋವೈದ್ಯರು ಹೇಳುತ್ತಾರೆ. ನನ್ನ ಆ ನಗೆಯು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕೇಳಿದ ಮೇಲೆ ಸಂಬಂಧವನ್ನು ಬಿಡಬಾರದು. ಜೆರೋಮ್ ಮೊಟೊ ಎಂಬ ಅಮೆರಿಕಾದ ವೈದ್ಯರಿಗೆ, ದ್ವಿತೀಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ, ಪರಿಚಿತಳಾದ ಯುವತಿಯೊಬ್ಬಳು ಬರೆಯುತ್ತಿದ್ದ ಕಾಗದಗಳೇ ಆಸರೆಯಾಗಿದ್ದುವು. ಅದನ್ನು ನೆನೆದು ಅವರು, ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆಯನ್ನು ಒಲ್ಲೆವೆಂದ 843 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಐದು ವರ್ಷ ಚಿಕ್ಕ ಚಿಕ್ಕ ಕಾಗದಗಳನ್ನು ಕಳುಹಿಸಿದರು. ಅವುಗಳಲ್ಲಿ ಕ್ಷೇಮವನ್ನು ಹಾರೈಸುವುದರ ಹೊರತು ಬೇರಾವ ಕೋರಿಕೆಯೂ ಇರಲಿಲ್ಲ. ಮೊದಲ ಎರಡು ವರ್ಷಗಳಲ್ಲಿ ಆ ಗುಂಪಿನಲ್ಲಿ ಆತ್ಮಹತ್ಯೆಗಳು ಸ್ಪಷ್ಟವಾಗಿ ಕಡಮೆಯಾಗಿದ್ದುವೆಂದು 2001ರಲ್ಲಿ ಪ್ರಕಟವಾಯಿತು.

ಇನ್ನೊಂದು ಎಚ್ಚರಿಕೆ. ಇಸ್ರೇಲಿನ ಸೈನ್ಯವು 2006ರಲ್ಲಿ, ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲಿಯೇ ಬಿಡಬೇಕೆಂದು ವಿಧಿಸಿತು. ಆತ್ಮಹತ್ಯೆಗಳು ಸುಮಾರು ನೂರಕ್ಕೆ 40ರಷ್ಟು ಇಳಿದುವು. ಪ್ರಾಣಕ್ಕೆ ಎರವಾಗುವ ಆವೇಗವು ಬಹುಮಟ್ಟಿಗೆ ಕ್ಷಣಿಕವಾದುದು. ಸಾಧನವು ದೂರವಿದ್ದರೆ ಆ ಹೊತ್ತು ಕಳೆಯುವುದು. ನಮ್ಮ ಕೊಡಗಿನಲ್ಲಿ ನಿವೃತ್ತ ಯೋಧರೂ ಬಹಳ, ಕೋವಿಗೆ ಗೌರವವೂ ಬಹಳ. ಮನೆಯಲ್ಲಿ ಮನನೊಂದವರಿರುವಾಗ ಕೋವಿಗೆ ಬೀಗ ಹಾಕಿ, ಕೀಲಿಕೈಯನ್ನು ಬೇರೊಬ್ಬರು ಇಟ್ಟುಕೊಂಡರೆ ಆ ಗೌರವಕ್ಕೆ ಕುಂದಿಲ್ಲ.

2022ರಲ್ಲಿ ಭಾರತ ಸರಕಾರವು ಆರಂಭಿಸಿದ ‘ಟೆಲಿ-ಮನಸ್’ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಶುಲ್ಕವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಸೈನಿಕರಿಗೂ ಅವರ ಕುಟುಂಬದವರಿಗೂ ಅದರ ಪ್ರತ್ಯೇಕ ವಿಭಾಗವೊಂದು 2023ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲ್ಪಟ್ಟಿತು.

ವಾಚಕ ಮಹಾಶಯರೇ, ನಿಮ್ಮ ಬೀದಿಗೆ ಹಿಂದಿರುಗಿದ ಯೋಧನಿಗೆ ಹಾರ ಹಾಕಿದಿರಿ, ಸಂತೋಷ. ಹಾರವು ಬಾಡಿದ ಮೇಲೂ ಒಮ್ಮೆ ಅವನ ಮನೆಯ ಮೆಟ್ಟಿಲು ಹತ್ತಿ, ನಿದ್ದೆ ಬರುತ್ತಿದೆಯೇ ಎಂದು ಕೇಳಿರಿ. ಉತ್ತರವನ್ನು ನಗದೆ ಕೇಳಿಸಿಕೊಳ್ಳಿರಿ.