ಮದುವೆ ಹಾಲ್‌ನಿಂದ ವೆಂಬ್ಲಿಗೆ
ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ ಆಗ ಮದುವೆಯಿದ್ದ ದಿನ ಬ್ಯಾಡ್ಮಿಂಟನ್ ಇರುತ್ತಿರಲಿಲ್ಲ. ಹಾಲ್ ಖಾಲಿಯಾದ ಮೇಲೆಯೇ ನೆಟ್ ಕಟ್ಟುತ್ತಿದ್ದರು. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಅಲ್ಲಿ. 1971ರಿಂದ 1979ರವರೆಗೆ ಸತತ 9 ಬಾರಿ ರಾಷ್ಟ್ರೀಯ ಚಾಂಪಿಯನ್; ಆದರೆ ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುವುದು 1980ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯಂ ಸ್ವೀ ಕಿಂಗ್, ಹಿಂದಿನ ಎರಡೂ ವರ್ಷದ ವಿಜೇತ. ನೆಗೆದು ಹೊಡೆಯುವ ಅವನ ಸ್ಮ್ಯಾಷ್‌ಗೆ ಲೋಕವೇ ಬೆದರುತ್ತಿತ್ತು. ಪ್ರಕಾಶ್ ವೇಗಕ್ಕೆ ವೇಗ ಕೊಡಲೇ ಇಲ್ಲ. ಒಮ್ಮೆ ಎತ್ತರದ ಟಾಸ್, ಒಮ್ಮೆ ಅರ್ಧ ಸ್ಮ್ಯಾಷ್, ಮರುಗಳಿಗೆ ನೆಟ್ ಸವರಿಕೊಂಡು ಆಚೆಗೆ ಮೆಲ್ಲಗೆ ಉದುರುವ ಡ್ರಾಪ್. ಕಿಂಗ್‌ನ ಲಯವೇ ತಪ್ಪಿತು. 15-3, 15-10. ಆ ಕಿರೀಟ ಗೆದ್ದ ಮೊದಲ ಭಾರತೀಯ! ಅಷ್ಟಕ್ಕೇ ತೃಪ್ತರಾಗಿ ಮನೆಯಲ್ಲಿ ಕೂರಲಿಲ್ಲ ಅವರು. ಒಳ್ಳೆಯ ಎದುರಾಳಿಗಳ ಜೊತೆ ದಿನವೂ ಆಡಬೇಕೆಂದು ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದರು. ಗೆದ್ದ ಮೇಲೂ ಕಲಿಯಲು ಊರು ಬಿಟ್ಟ ಈ ಹಟವೇ ನನಗೆ ಕಿರೀಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮರಳಿ ಬಂದ ಮೇಲೆ 1994ರಲ್ಲಿ ಬೆಂಗಳೂರಿನಲ್ಲೇ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು.